ಶುಂಠಿಯ ಗುಣವೂ ಶ್ರಾವಕನ ನಿಯಮವೂ

ಒಂದು ವಸ್ತುವನ್ನು ತ್ಯಜಿಸಬೇಕೆಂದು ಆಚಾರ್ಯರು ವಿಧಿಸುವಾಗ ಅದಕ್ಕೆ ಕಾರಣವನ್ನೂ ಕೂಡಿಯೇ ಹೇಳುತ್ತಾರೆ. ಆ ಕಾರಣದ ಒಂದಂಶವು ಲೋಕಾನುಭವವನ್ನು ಅವಲಂಬಿಸಿದ್ದು, ಮುಂದೊಂದು ಕಾಲಕ್ಕೆ ಲೋಕಾನುಭವವೇ ಬೇರೆ ಮಾತನ್ನು ಹೇಳತೊಡಗಿದರೆ ಆ ತ್ಯಾಗದ ಬುಡ ಸಡಿಲವಾಗುವುದೇ? ಇಂತಹ ಪ್ರಶ್ನೆಯನ್ನು ಪಂಡಿತರು ಸಭೆಯಲ್ಲಿ ಚರ್ಚಿಸಿ ಎದ್ದುಹೋಗಬಹುದು. ಆದರೆ ಇಂದು ಅದು ಶ್ರಾವಕರ ಅಡಿಗೆಮನೆಗೇ ಬಂದು ನಿಂತಿದೆ. ತಂದು ನಿಲ್ಲಿಸಿರುವುದು ಹಸಿಶುಂಠಿ. ಬೆಳಗಾವಿ ಧಾರವಾಡಗಳ ಕಡೆ ‘ಅಲ್ಲ’ ಎಂದು ಕರೆಯುವ ಆ ಸಣ್ಣ ಗಡ್ಡೆ.

ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತವನ್ನು ನಿರೂಪಿಸುತ್ತ, ಫಲವು ಅಲ್ಪವಾಗಿಯೂ ಜೀವಘಾತವು ಬಹುವಾಗಿಯೂ ಇರುವ ಕಾರಣದಿಂದ ಬಿಡತಕ್ಕ ಪದಾರ್ಥಗಳನ್ನು ಹೆಸರಿಸುತ್ತಾರೆ. ಮೂಲಂಗಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳ ಸಾಲಿನಲ್ಲಿ ಶೃಂಗವೇರವೂ ಇದೆ. ಶೃಂಗವೇರವೆಂದರೆ ಶುಂಠಿ. ಸ್ವಾಧ್ಯಾಯ ಮಾಡುವವರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆಚಾರ್ಯರು ಶುಂಠಿಗೆ ‘ಆರ್ದ್ರ’ ಎಂಬ ವಿಶೇಷಣವನ್ನು ಕೊಟ್ಟಿದ್ದಾರೆ, ಅಂದರೆ ನಿಷೇಧವು ಹಸಿಯಾದ ಶುಂಠಿಗೆ. ಇನ್ನೊಂದು, ಬಿಡಲು ಹೇಳಿದ ಕಾರಣದಲ್ಲಿ ಘಾತ ಮಾತ್ರವಲ್ಲದೆ ಫಲದ ಮಾತೂ ಸೇರಿದೆ. ತಕ್ಕಡಿಯ ಎರಡು ತಟ್ಟೆಗಳನ್ನೂ ಆಚಾರ್ಯರೇ ನಮ್ಮ ಮುಂದೆ ಇಟ್ಟಿದ್ದಾರೆ.

ಈಗ ಪ್ರಶ್ನೆ ಎದ್ದಿರುವುದು ಈ ಫಲದ ತಟ್ಟೆಯನ್ನು ಕುರಿತು. ಶುಂಠಿ ತೂಕವನ್ನು ಇಳಿಸುತ್ತದೆ, ಸಕ್ಕರೆ ಕಾಯಿಲೆಯನ್ನು ಹದದಲ್ಲಿಡುತ್ತದೆ, ಕೀಲುನೋವನ್ನು ಕಡಿಮೆ ಮಾಡುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿಯೂ ವೈದ್ಯರ ಬಾಯಲ್ಲಿಯೂ ಬೆಳಗಿನ ವಾಯುವಿಹಾರದ ಗೋಷ್ಠಿಗಳಲ್ಲಿಯೂ ಕೇಳಿಬರುತ್ತಿದೆ. ಸ್ಥೂಲಶರೀರವು ಉಪೇಕ್ಷಿಸತಕ್ಕ ವಿಷಯವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ವಯಸ್ಕ ಸ್ತ್ರೀಯರಲ್ಲಿ ಶೇಕಡ 24, ಪುರುಷರಲ್ಲಿ ಸುಮಾರು ಶೇಕಡ 23 ಮಂದಿ ಅಧಿಕ ತೂಕದವರು. ಜೈನ ಮನೆಗಳು ಈ ಲೆಕ್ಕದಿಂದ ಹೊರಗಿಲ್ಲ. ತುಪ್ಪ, ಸಕ್ಕರೆ, ಕರಿದ ತಿಂಡಿಗಳಿಗೆ ನಮ್ಮಲ್ಲಿ ಕಂದಮೂಲಗಳಿಗಿರುವ ಕಟ್ಟುನಿಟ್ಟು ಇಲ್ಲವೆಂಬುದನ್ನು ಇಲ್ಲಿ ಸಂಕೋಚವಿಲ್ಲದೆ ಹೇಳಿಬಿಡುವುದು ಒಳ್ಳೆಯದು.

ಇಂತಹ ಒಂದು ಮನೆಯಲ್ಲಿ, ತರುಣವಯಸ್ಸಿನಲ್ಲಿಯೇ ಮುನಿಗಳ ಸನ್ನಿಧಿಯಲ್ಲಿ ಕಂದಮೂಲ ತ್ಯಾಗ ಮಾಡಿದ ತಾಯಿಯೊಬ್ಬಳಿದ್ದಾಳೆ ಎಂದು ಭಾವಿಸೋಣ. ಈಗ ಅರುವತ್ತರ ಸಮೀಪ, ಮೊಣಕಾಲಿನ ಬಾಧೆ, ಏರುತ್ತಿರುವ ತೂಕ. ದಿನವೂ ಬೆಳಿಗ್ಗೆ ಬಿಸಿನೀರಿಗೆ ಹಸಿಶುಂಠಿಯ ರಸ, ನಿಂಬೆ, ಜೇನುತುಪ್ಪ ಬೆರೆಸಿ ಕುಡಿಯಬೇಕೆಂದು ಯಾರೋ ತಿಳಿದವರು ಹೇಳಿದ್ದಾರೆ. “ಅವ್ವ, ಔಷಧಕ್ಕೆ ದೋಷವಿಲ್ಲ, ನಿನ್ನ ಜೀವಕ್ಕಿಂತ ನೇಮ ದೊಡ್ಡದಲ್ಲ” ಎನ್ನುತ್ತಾನೆ ಮಗ. ಅವನ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ನಾಸ್ತಿಕತೆಯೆಂದು ತಳ್ಳಿಹಾಕುವಂತಿಲ್ಲ. ಆ ತಾಯಿಗೋ ಲೋಟವನ್ನು ಎತ್ತಿದರೆ ವ್ರತಭಂಗದ ಭಯ, ಇಟ್ಟರೆ ಮಕ್ಕಳಿಗೆ ಭಾರವಾಗುವೆನೆಂಬ ಭಯ.

ಇಲ್ಲಿ ಅವಸರದ ಉತ್ತರಗಳು ಎರಡು. ಶುಂಠಿಯ ಫಲ ದೊಡ್ಡದೆಂದು ಈಗ ತಿಳಿದಿರುವುದರಿಂದ ಹಳೆಯ ನಿಷೇಧ ತಾನಾಗಿ ಬಿದ್ದುಹೋಯಿತೆಂಬುದು ಒಂದು. ಹಸಿಶುಂಠಿ ವಾಸ್ತವವಾಗಿ ದೇಹಕ್ಕೆ ಕೇಡು, ಕಂದಮೂಲಗಳೆಲ್ಲ ರೋಗಕಾರಕಗಳು, ಆಚಾರ್ಯರು ಆರೋಗ್ಯದೃಷ್ಟಿಯಿಂದಲೇ ಅವನ್ನು ನಿಷೇಧಿಸಿದರೆಂಬುದು ಇನ್ನೊಂದು. ಮೊದಲನೆಯದನ್ನು ನಮ್ಮವರು ಕೂಡಲೇ ಖಂಡಿಸುತ್ತಾರೆ. ಎರಡನೆಯದಕ್ಕೆ ತಲೆದೂಗುತ್ತಾರೆ, ಕೆಲವೊಮ್ಮೆ ಪಾಠಶಾಲೆಯ ಮಕ್ಕಳಿಗೂ ಕಲಿಸುತ್ತಾರೆ. ವಿಚಾರಮಾಡಿ ನೋಡಿದರೆ ಈ ಎರಡನೆಯ ಉತ್ತರವೇ ಹೆಚ್ಚು ಅಪಾಯಕರವಾದುದು. ಅಹಿಂಸೆಯ ಕಂಬದ ಮೇಲೆ ನಿಂತಿದ್ದ ನಿಯಮವನ್ನು ಇಳಿಸಿ ಆರೋಗ್ಯದ ಕಂಬದ ಮೇಲೆ ಕೂರಿಸಿದರೆ, ನಾಳೆ ಯಾವುದೋ ಪ್ರಯೋಗಶಾಲೆಯ ವರದಿ ಆ ಕಂಬವನ್ನು ಅಲುಗಿಸಿದಾಗ ನಿಯಮವೂ ಅಲುಗುತ್ತದೆ. ಹಸಿಶುಂಠಿ ದೇಹಕ್ಕೆ ವಿಷವೆಂದು ನಂಬಿ ಬಿಟ್ಟ ಹುಡುಗ, ಅದು ವಿಷವಲ್ಲವೆಂದು ತಿಳಿದ ದಿನ ತಿನ್ನುತ್ತಾನೆ. ಅವನನ್ನು ದೂಷಿಸಿ ಪ್ರಯೋಜನವಿಲ್ಲ, ಅವನಿಗೆ ಕಲಿಸಿದ ಕಾರಣವೇ ಹಾಗಿತ್ತು.

ಆದುದರಿಂದ ಶುಂಠಿಯ ಗುಣವನ್ನು ಇದ್ದಷ್ಟೇ ಒಪ್ಪಿಕೊಂಡು ನೋಡುವುದು ನ್ಯಾಯ. ಬಸಿರಿಯರ ವಾಕರಿಕೆಗೆ ಶುಂಠಿಯಿಂದ ಉಪಶಮನವಾಗುವುದು ಅನೇಕ ಪರೀಕ್ಷೆಗಳಿಂದ ತಕ್ಕಮಟ್ಟಿಗೆ ಸಿದ್ಧವಾಗಿದೆ. ಅಲ್ಲಿ ದಿನಕ್ಕೆ ಕೊಟ್ಟದ್ದು ಸಾಮಾನ್ಯವಾಗಿ 1 ಗ್ರಾಂ ಆಸುಪಾಸು. ತೂಕದ ವಿಷಯದಲ್ಲಿ, 2012ರಲ್ಲಿ ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಸಣ್ಣ ಪ್ರಯೋಗವನ್ನು ಬಹಳ ಮಂದಿ ಉದ್ಧರಿಸುತ್ತಾರೆ. ಸ್ಥೂಲಕಾಯದ 10 ಮಂದಿ ಪುರುಷರಿಗೆ ಬೆಳಗಿನ ಆಹಾರದೊಡನೆ 2 ಗ್ರಾಂ ಶುಂಠಿಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕೊಟ್ಟರು. ಆಹಾರ ಜೀರ್ಣವಾಗುವಾಗ ದೇಹವು ವ್ಯಯಿಸುವ ಉಷ್ಣದಲ್ಲಿ ಸುಮಾರು 43 ಕಿಲೋಕ್ಯಾಲೊರಿಗಳಷ್ಟು ಹೆಚ್ಚಳ ಕಂಡಿತು, ಹಸಿವೆಯೂ ಕೊಂಚ ತಗ್ಗಿತು. ಆದರೆ ವಿಶ್ರಾಂತಿಯಲ್ಲಿ ದೇಹವು ವ್ಯಯಿಸಿದ ಒಟ್ಟು ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅನಂತರ 2019ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯು 14 ಪರೀಕ್ಷೆಗಳ 473 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ, ಶುಂಠಿಯಿಂದ ತೂಕವೂ ಉಪವಾಸಾವಸ್ಥೆಯ ರಕ್ತದ ಸಕ್ಕರೆಯೂ ಸ್ವಲ್ಪ ಇಳಿಯುತ್ತವೆಂದೂ, ಎತ್ತರಕ್ಕೆ ತಕ್ಕ ತೂಕದ ಅಳತೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದೂ ಹೇಳಿತು. ಗುಣವಿದೆ, ಆದರೆ ಸಣ್ಣದು.

ಎಷ್ಟು ಸಣ್ಣದೆಂಬುದನ್ನು ಗೃಹಿಣಿಯರು ತಾವೇ ಲೆಕ್ಕ ಹಾಕಬಹುದು. ಒಂದು ಸಣ್ಣ ಚಮಚ, ಎಂದರೆ 5 ಗ್ರಾಂ ತುಪ್ಪದಲ್ಲಿ ಸುಮಾರು 45 ಕಿಲೋಕ್ಯಾಲೊರಿ ಇರುತ್ತದೆ. ಆ ಪ್ರಯೋಗದ 43 ಪ್ರತಿದಿನವೂ ತಪ್ಪದೆ ದೊರೆಯಿತೆಂದೇ ಇಟ್ಟುಕೊಂಡರೂ, ಶರೀರದ ಒಂದು ಕಿಲೋ ಕೊಬ್ಬು ಕರಗಲು ಬೇಕಾಗುವ ಸುಮಾರು 7,700ಕ್ಕೆ ಆರು ತಿಂಗಳು ಹಿಡಿಯುತ್ತದೆ. ಅದೇ ಫಲವನ್ನು ಅನ್ನದ ಮೇಲಿನ ಒಂದು ಚಮಚ ತುಪ್ಪವನ್ನು ಬಿಟ್ಟವರು ಪಡೆಯುತ್ತಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವ ರಸಪರಿತ್ಯಾಗವನ್ನು ತತ್ತ್ವಾರ್ಥಸೂತ್ರವು ಆರು ಬಾಹ್ಯತಪಗಳಲ್ಲಿ ಎಣಿಸಿದೆ. ಅದಕ್ಕೆ ಯಾವ ಗಡ್ಡೆಯನ್ನೂ ಅಗೆಯಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಮೇಲೆ ಹೇಳಿದ ಪ್ರಯೋಗದಲ್ಲಿ ಬಳಸಿದ್ದು ಪುಡಿ, ಅಂದರೆ ಒಣಶುಂಠಿ. ಇಂತಹ ಪರೀಕ್ಷೆಗಳಲ್ಲಿ ಬಹುಪಾಲು ಹಾಗೆಯೇ, ಏಕೆಂದರೆ ಪುಡಿಯನ್ನು ತೂಗಿ ಅಳೆದು ಕೊಡುವುದು ಸುಲಭ. ಹಸಿಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ದ್ರವ್ಯವು ಒಣಗುವಾಗ ನೀರಿನಂಶವನ್ನು ಕಳೆದುಕೊಂಡು ಶೊಗಾಲ್ ಎಂಬ ಇನ್ನೂ ತೀಕ್ಷ್ಣವಾದ ದ್ರವ್ಯವಾಗಿ ಭಾಗಶಃ ಮಾರ್ಪಡುತ್ತದೆ. ಶುಂಠಿಗೆ ಜಪಾನೀ ಭಾಷೆಯಲ್ಲಿರುವ ಹೆಸರಿನಿಂದಲೇ ಆ ದ್ರವ್ಯಕ್ಕೆ ಹೆಸರು ಬಂದಿದೆ. ಆಯುರ್ವೇದವಂತೂ ಆರ್ದ್ರಕವನ್ನೂ ಶುಂಠಿಯನ್ನೂ ಬೇರೆ ಬೇರೆ ಗುಣವುಳ್ಳ ದ್ರವ್ಯಗಳೆಂದೇ ಎಣಿಸಿ, ಒಣಗಿದುದನ್ನು ವಿಶ್ವಭೇಷಜ, ಮಹೌಷಧ ಎಂದು ಕರೆಯಿತು; ಮೆಣಸು ಹಿಪ್ಪಲಿಗಳೊಡನೆ ತ್ರಿಕಟುವಿನಲ್ಲಿ ಸೇರಿಸಿತು. ಹಾಗಿರುವಲ್ಲಿ ಆ ತಾಯಿಯ ಮುಂದೆ ಇಟ್ಟ ಲೋಟದಲ್ಲಿ ಹಸಿಯದೇ ಇರಬೇಕೆಂಬ ಹಟಕ್ಕೆ ವೈದ್ಯಶಾಸ್ತ್ರದ ಆಧಾರವೂ ಸಾಲದು.

ಜೈನ ವೈದ್ಯರು ಹಿಂದೆ ನಡೆದುಕೊಂಡ ಕ್ರಮವನ್ನು ಇಲ್ಲಿ ಸ್ಮರಿಸಬಹುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ಮಾಂಸಾಹಾರವು ನಿರರ್ಥಕವೆಂದು ರಾಜಸಭೆಯಲ್ಲಿಯೇ ಪ್ರತಿಪಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ರೋಗ ಬಂದಾಗ ವ್ರತವನ್ನು ಮೂಲೆಗಿಡು ಎಂದು ಉಗ್ರಾದಿತ್ಯರು ಹೇಳಲಿಲ್ಲ, ವ್ರತಿಗೆ ಔಷಧವೇಕೆಂದು ಕೈಕಟ್ಟಿ ಕುಳಿತುಕೊಳ್ಳಲೂ ಇಲ್ಲ. ವ್ರತದ ಬೇಲಿಯೊಳಗೆ ಔಷಧವನ್ನು ಹುಡುಕುವ ಶ್ರಮವನ್ನು ವಹಿಸಿದರು.

ಇಷ್ಟಾದರೂ ಒಣಶುಂಠಿ ನಿರ್ದೋಷವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ತೇಲಿಸಿ ಬಿಡುವುದು ಪ್ರಾಮಾಣಿಕತೆಯಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಅನಂತ ಜೀವಗಳಿಗೆ ಆಶ್ರಯವಾದ ವನಸ್ಪತಿಯ ಲಕ್ಷಣಗಳನ್ನು ಹೇಳುವಾಗ, ನರಗಳು ಕಾಣದಿರುವುದು, ಮುರಿದರೆ ಸಮವಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು ಇವನ್ನು ಎಣಿಸುತ್ತದೆ. ಮಲೆನಾಡಿನ ಶುಂಠಿಗದ್ದೆಯಲ್ಲಿ ಈ ಕೊನೆಯ ಲಕ್ಷಣವನ್ನು ಕಣ್ಣಾರೆ ಕಾಣಬಹುದು. ರೈತನು ಬಿತ್ತುವುದು ಬೀಜವನ್ನಲ್ಲ, ಒಂದೆರಡು ಕಣ್ಣುಗಳುಳ್ಳ 20–25 ಗ್ರಾಂ ತೂಕದ ತುಂಡುಗಳನ್ನು. ನಾವು ಕಷಾಯಕ್ಕೆ ಜಜ್ಜುವ ತುಂಡು ಮಣ್ಣಿಗೆ ಬಿದ್ದಿದ್ದರೆ ಒಂದು ಬುಡವಾಗುತ್ತಿತ್ತು. ಇನ್ನು ಒಣಗಿಸುವುದೆಂದರೆ ಗಡ್ಡೆಯ ಸಿಪ್ಪೆಯನ್ನು ಹೆರೆದು ಏಳೆಂಟು ದಿನ ಬಿಸಿಲಿನಲ್ಲಿಡುವುದು. ನೂರು ಕಿಲೋ ಹಸಿಯಿಂದ ದೊರೆಯುವ ಒಣಶುಂಠಿ 19ರಿಂದ 25 ಕಿಲೋ. ಅಂದರೆ 2 ಗ್ರಾಂ ಪುಡಿಯ ಹಿಂದೆ 8ರಿಂದ 10 ಗ್ರಾಂ ಹಸಿಗಡ್ಡೆ ಇದೆ. ಒಣಗಿದುದು, ಬೆಂದುದು, ಕಾದುದು, ಹುಳಿ ಉಪ್ಪು ಬೆರೆತುದು ಪ್ರಾಸುಕವೆಂದು ಶಾಸ್ತ್ರವಚನವಿದೆ. ನಮ್ಮ ಕೈಗೆ ಬರುವ ಒಣಶುಂಠಿಯಲ್ಲಿ ಜೀವವಿಲ್ಲ. ಆದರೆ ಬಿಸಿಲಿನಲ್ಲಿ ಒಣಗಿದ ಆ ದಿನಗಳಲ್ಲಿ ಅದರಲ್ಲಿದ್ದ ಜೀವಗಳು ಎಲ್ಲಿ ಹೋದವು?

ಈ ತರ್ಕದಿಂದಲೇ ಕೆಲವು ಯುವಕರು ಕೇಳುತ್ತಾರೆ: ಒಣಶುಂಠಿಯಾದರೆ ಒಣಗಿಸಿದ ಆಲೂಗಡ್ಡೆಯ ಚಿಪ್ಸ್ ಏಕಾಗದು? ಬೇಯಿಸಿದ ಹಸಿಶುಂಠಿಯೂ ಪ್ರಾಸುಕವಲ್ಲವೇ? ಪ್ರಶ್ನೆ ಸರಿಯಾದುದೇ. ಉತ್ತರವನ್ನು ಪ್ರಾಸುಕತೆಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಪ್ರಾಸುಕವೆಂಬುದು ಸಚಿತ್ತದ ದೋಷವನ್ನು ಕಳೆಯುತ್ತದೆ, ಬಹುಘಾತದ ದೋಷವನ್ನು ಕಳೆಯುವುದಿಲ್ಲ. ವ್ಯತ್ಯಾಸವಿರುವುದು ಮನೆಗೆ ಬರುವ ಪ್ರಮಾಣದಲ್ಲಿ ಮತ್ತು ತಿನ್ನುವವನ ಭಾವದಲ್ಲಿ. ಒಣಶುಂಠಿಯನ್ನು ಹಿಡಿಗಟ್ಟಲೆ ಯಾರೂ ಮೆಲ್ಲಲಾರರು, ಅದರ ಖಾರವೇ ಪಹರೆ ನಿಂತಿದೆ. ಚಿಟಿಕೆಯಲ್ಲಿ ಕೆಲಸ ಮುಗಿಯುತ್ತದೆ. ಚಿಪ್ಸಿನ ಪೊಟ್ಟಣಕ್ಕೆ ಅಂತಹ ಪಹರೆಯಿಲ್ಲ. ಹಾಗೆಂದ ಮಾತ್ರಕ್ಕೆ ಆ ಚಿಟಿಕೆಯ ಹಿಂದಿನ ಘಾತ ಸೊನ್ನೆಯಾಗುವುದಿಲ್ಲ. ತಾನು ಮಾಡಿದುದು, ಮಾಡಿಸಿದುದು, ಒಪ್ಪಿದುದು ಎಂಬ ಮೂರು ದಾರಿಗಳಲ್ಲಿ ದೋಷವು ಬರುವುದೆಂದು ಬಲ್ಲ ಶ್ರಾವಕನು, ಅಂಗಡಿಯಲ್ಲಿ ಕೊಂಡುದರಿಂದ ತನಗೇನೂ ಅಂಟದೆಂದು ಹೇಳುವಂತಿಲ್ಲ. ಗೃಹಸ್ಥನ ವ್ರತಕ್ಕೆ ಅಣುವ್ರತವೆಂಬ ಹೆಸರಿರುವುದು ಇಂತಹ ಉಳಿಕೆ ಇರುವುದರಿಂದಲೇ.

ಇನ್ನು ‘ಅಲ್ಪ’ ಎಂಬ ಮಾತಿಗೆ ಮರಳಬಹುದು. ಯಾವುದಕ್ಕೆ ಹೋಲಿಸಿ ಅಲ್ಪ? ಗರ್ಭಿಣಿಯೊಬ್ಬಳಿಗೆ ತುತ್ತು ನಿಲ್ಲದೆ ವಾಂತಿಯಾಗುತ್ತಿರುವಾಗ ಶುಂಠಿಯ ಫಲ ಆಕೆಗೆ ಅಲ್ಪವಲ್ಲ. ಅದನ್ನು ಅಲ್ಪವೆಂದು ಹೇಳಿದವರಿಗೆ ಕರುಣೆ ಸಾಲದು. ಆದರೆ ಆಚಾರ್ಯರು ತೂಗಿದ್ದು ರೋಗಿಯ ಕಷ್ಟವನ್ನಲ್ಲ. ಆ ಶ್ಲೋಕವಿರುವುದು ಭೋಗದ ಪರಿಮಾಣವನ್ನು ಹೇಳುವ ಪ್ರಕರಣದಲ್ಲಿ. ಅಲ್ಲಿ ಒಂದು ತಟ್ಟೆಯಲ್ಲಿರುವುದು ಅನಂತ ಜೀವಗಳ ಪ್ರಾಣ, ಇನ್ನೊಂದರಲ್ಲಿ ಸಾರಿನ ಪರಿಮಳ, ಚಹದ ಖಾರ. ಔಷಧವನ್ನು ಎರಡನೆಯ ತಟ್ಟೆಯಲ್ಲಿಟ್ಟರೆ ಫಲ ಹೆಚ್ಚುತ್ತದೆಂಬುದು ನಿಜ. ಆಗ ಮತ್ತೆ ತೂಗಬೇಕು, ತೂಗಲು ಹೆದರಬಾರದು. ತೂಗಿದಾಗ ಕಾಣುವುದೇನೆಂದರೆ, ಅದೇ ಫಲವು ಒಣಗಿದ ರೂಪದಲ್ಲಿ, ಚಿಟಿಕೆಯ ಪ್ರಮಾಣದಲ್ಲಿ ದೊರೆಯುತ್ತಿರುವಾಗ ಹಸಿಗಡ್ಡೆಯ ಪಾಲಿಗೆ ಉಳಿಯುವ ಹೆಚ್ಚಿನ ಫಲವು ರುಚಿಯೊಂದೇ. ರುಚಿಯನ್ನು ಅಲ್ಪವೆನ್ನಲು ಪ್ರಯೋಗಶಾಲೆಯ ಸಾಕ್ಷ್ಯ ಬೇಕಾಗಿಲ್ಲ.

ಭೋಗೋಪಭೋಗ ವ್ರತದ ಅತಿಚಾರಗಳನ್ನು ಹೇಳುವಲ್ಲಿ ಇಬ್ಬರು ಆಚಾರ್ಯರ ದೃಷ್ಟಿ ಬೇರೆಯಾಗಿರುವುದು ಈ ಪ್ರಸಂಗಕ್ಕೆ ಬಹಳ ಬೆಳಕು ಕೊಡುತ್ತದೆ. ಉಮಾಸ್ವಾಮಿಗಳು ವಸ್ತುವನ್ನು ನೋಡುತ್ತಾರೆ: ಸಚಿತ್ತ, ಸಚಿತ್ತಕ್ಕೆ ತಗುಲಿದುದು, ಅದರೊಡನೆ ಬೆರೆತುದು, ಮದಕರವಾದುದು, ಸರಿಯಾಗಿ ಬೇಯದುದು. ಸಮಂತಭದ್ರರು ಮನಸ್ಸನ್ನು ನೋಡುತ್ತಾರೆ: ವಿಷಯವೆಂಬ ವಿಷದಲ್ಲಿ ಆದರ, ಅನುಭವಿಸಿದುದರ ನೆನಪು, ಅತಿಯಾದ ಲೌಲ್ಯ, ಅತಿಯಾದ ತೃಷೆ, ಅನುಭವದಲ್ಲಿ ಅತಿಯಾಸಕ್ತಿ. ಒಣಶುಂಠಿಯ ಕಷಾಯವನ್ನು ಕುಡಿಯುತ್ತ ‘ಹಸಿಯದಾಗಿದ್ದರೆ ಎಷ್ಟು ಸೊಗಸಿತ್ತು’ ಎಂದುಕೊಳ್ಳುವವನು ಮೊದಲನೆಯ ಲೆಕ್ಕದಲ್ಲಿ ಉತ್ತೀರ್ಣನಾಗಿ ಎರಡನೆಯದರಲ್ಲಿ ನಪಾಸಾಗುತ್ತಾನೆ. ತೂಕ ಇಳಿಸುವ ಆತುರಕ್ಕೂ ಈ ಮಾತು ಅನ್ವಯಿಸುತ್ತದೆ. ದೇಹವನ್ನು ಕನ್ನಡಿಯಲ್ಲಿ ನೋಡಿ ನೋಡಿ ಮರುಗುವುದೂ ಒಂದು ಭೋಗವೇ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತೂಕದ ಯಂತ್ರದ ಮೇಲೆ ನಿಂತು ಪರೀಕ್ಷಿಸುವವನ ತಪಸ್ಸಿನಲ್ಲಿ ನಿದಾನಶಲ್ಯದ ಮುಳ್ಳು ಸಿಕ್ಕಿಕೊಂಡಿರುತ್ತದೆ. ಧಾನ್ಯಕ್ಕಾಗಿ ಬಿತ್ತಿದವನಿಗೆ ಹುಲ್ಲು ತಾನಾಗಿ ಬರುತ್ತದೆ, ಬಂದ ಹುಲ್ಲನ್ನು ಬೇಡವೆನ್ನಬೇಕಾಗಿಲ್ಲ. ಹುಲ್ಲಿಗಾಗಿಯೇ ಬಿತ್ತುವವನ ಮಾತು ಬೇರೆ.

ಆರೋಗ್ಯಕ್ಕೆ ತೂಕ ಇಳಿಯಲೇಬೇಕಾದವರಿಗೆ ಪರಂಪರೆಯಲ್ಲಿ ದಾರಿಯಿಲ್ಲದಿಲ್ಲ. ಭಗವತೀ ಆರಾಧನೆಯು ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದೂ ಸ್ತ್ರೀಯದನ್ನು 28 ತುತ್ತುಗಳೆಂದೂ ಎಣಿಸಿ, ಅದರಲ್ಲಿ ಒಂದೊಂದನ್ನೇ ಕಡಿಮೆಮಾಡುತ್ತ ಹೋಗುವುದನ್ನು ಅವಮೋದರ್ಯವೆಂದು ಹೇಳಿದೆ. ಒಂದು ದಿನದ ಪೂರ್ಣ ಉಪವಾಸಕ್ಕಿಂತ, ಪಾರಣೆಯ ದಿನ ಕೈತಡೆದು ಏಳುವುದು ಕಷ್ಟವೆಂಬುದು ಮಾಡಿದವರಿಗೆ ಗೊತ್ತು.

ಬಳಕೆಯ ವಿಷಯದಲ್ಲಿ ಕೆಲವು ಮಾತು. ಆ ತಾಯಿಗೆ ಹೇಳಿದ ಪಾನೀಯದಲ್ಲಿ ಎಲ್ಲರ ಗಮನ ಹಸಿಶುಂಠಿಯ ಮೇಲೆ ಹೋಗಿ, ಜೇನುತುಪ್ಪ ಮರೆತೇಹೋಯಿತು. ಅದು ಮೂರು ಮಕಾರಗಳಲ್ಲಿ ಒಂದು, ಮೂಲಗುಣಕ್ಕೇ ಭಂಗ ತರುವುದು. ಅಂಗಡಿಯಲ್ಲಿ ದೊರೆಯುವ ಶುಂಠಿಯ ಕ್ಯಾಪ್ಸೂಲುಗಳ ಹೊರಕವಚವು ಅನೇಕ ವೇಳೆ ಜಿಲೆಟಿನ್ನಿನದು. ಜಿಲೆಟಿನ್ ಪ್ರಾಣಿಗಳ ಎಲುಬು ಚರ್ಮಗಳಿಂದ ತಯಾರಾಗುತ್ತದೆ. ಹಸಿಶುಂಠಿಗೆ ಹೆದರಿ ಅದನ್ನು ನುಂಗುವುದು ಹಳ್ಳ ದಾಟಲು ಹೋಗಿ ಹೊಳೆಗೆ ಬಿದ್ದಂತೆ. ಸಸ್ಯಮೂಲದ ಕವಚಗಳೂ ಇವೆ, ಕೇಳಿ ಕೊಳ್ಳಬೇಕು. ಒಣಶುಂಠಿಗೆ ಹುಳು ಬೇಗ ಬೀಳುತ್ತದೆ. ಅಖಂಡವಾದ ಕೊಂಬುಗಳನ್ನೇ ತಂದು, ಮುರಿದು, ಒಳಗೆ ತೂತು ಹುಡಿಗಳಿಲ್ಲವೆಂದು ನೋಡಿ, ಮನೆಯಲ್ಲಿಯೇ ಕುಟ್ಟಿಕೊಳ್ಳುವುದು ಲೇಸು. ಪುಡಿಗೆ ಹಿಟ್ಟಿನಂತೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಕಷಾಯವು ಔಷಧವೆಂದು ಸೂರ್ಯಾಸ್ತದ ಮೇಲೆ ಕುಡಿಯುವ ರೂಢಿಯೂ ಕೆಲವು ಮನೆಗಳಲ್ಲಿ ಹಬ್ಬುತ್ತಿದೆ; ಅದಕ್ಕೆ ಬೇರೆ ವಿಮರ್ಶೆ ಬೇಕಾಗಿಲ್ಲ.

ಎದೆಯುರಿ, ಹುಳಿತೇಗು ಇರುವವರಿಗೆ ಶುಂಠಿ ಒಗ್ಗದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ನಿತ್ಯವೂ ತೆಗೆದುಕೊಳ್ಳಬಾರದು. ಸಮಂತಭದ್ರರು ಬಹುಘಾತದ ಮಾತಿನ ಹಿಂದೆಯೇ, ತನಗೆ ಅನಿಷ್ಟವಾದುದನ್ನು, ಅಂದರೆ ತನ್ನ ಪ್ರಕೃತಿಗೆ ಸಲ್ಲದುದನ್ನು, ಶುದ್ಧವಾಗಿದ್ದರೂ ಬಿಡಬೇಕೆಂದು ಹೇಳಿದ್ದಾರೆ. ದೇಹದ ಹಿತವನ್ನು ಆಚಾರ್ಯರು ಮರೆತಿದ್ದರೆಂದು ಹೇಳುವವರು ಆ ಶ್ಲೋಕದವರೆಗೆ ಓದಿಲ್ಲ.

ಇನ್ನು ಆ ತಾಯಿಯ ನಿಯಮ. ಅವಳು ಗುರುಗಳಿಂದ ಪಡೆದುದು ಹಸಿಯಾದ ಕಂದಮೂಲಗಳ ತ್ಯಾಗವಾಗಿದ್ದರೆ, ಒಣಶುಂಠಿಗೆ ಅಡ್ಡಿಯಿಲ್ಲ. ಶುಂಠಿಯನ್ನೇ ಯಾವಜ್ಜೀವ ಬಿಟ್ಟಿದ್ದರೆ ಅದು ಯಮ. ತೂಕದ ನೆಪದಿಂದ ಅದನ್ನು ಸಡಿಲಿಸಬಾರದು, ಮೆಣಸು ಜೀರಿಗೆಗಳ ಕಷಾಯವಿದೆ, ಚಮಚ ತುಪ್ಪದ ರಸಪರಿತ್ಯಾಗವಿದೆ. ಹೊಸದಾಗಿ ಶುಂಠಿಯನ್ನು ತೆಗೆದುಕೊಳ್ಳಬೇಕೆನ್ನುವವಳು ‘ಈ ಋತು ಮುಗಿಯುವವರೆಗೆ, ದಿನಕ್ಕೆ ಇಷ್ಟು ಚಿಟಿಕೆ, ಹಗಲಿನಲ್ಲಿ ಮಾತ್ರ’ ಎಂದು ಕಾಲಮಿತಿಯ ನಿಯಮವನ್ನು ಹಾಕಿಕೊಂಡು, ಋತು ಮುಗಿದ ದಿನ ಮೊಣಕಾಲನ್ನೂ ತೂಕವನ್ನೂ ನೋಡಿ, ಫಲವಿಲ್ಲದಿದ್ದರೆ ಅದನ್ನೂ ಬಿಡಬಹುದು.